ಹ್ಯೂಕೆಲ್ ನಿಯಮದ ಉಳಿದರ್ಧ

ಜಮಖಂಡಿಯಲ್ಲಾಗಲಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಾಗಲಿ, ರಸಾಯನಶಾಸ್ತ್ರ ಓದುವವರಿಗೆ ಹ್ಯೂಕೆಲ್ ನಿಯಮ ಬಾಯಿಪಾಠ. ಚಪ್ಪಟೆ ಉಂಗುರದ ಸುತ್ತ ಹರಡಿಕೊಂಡ ಪೈ ಎಲೆಕ್ಟ್ರಾನುಗಳು ಎರಡು, ಆರು ಅಥವಾ ಹತ್ತಿದ್ದರೆ ಅಣು ಗಟ್ಟಿ. ನಾಲ್ಕು ಅಥವಾ ಎಂಟಿದ್ದರೆ ಅಸ್ಥಿರ. ಒಂದೇ ಸಾಲಿನ ಈ ನಿಯಮ ರುಜುವಾತಾಗಲು ದಶಕಗಳೇ ಹಿಡಿದವು.

ಜರ್ಮನಿಯ ಎರಿಕ್ ಹ್ಯೂಕೆಲ್ ಬೆಂಜೀನಿನ ಲೆಕ್ಕ ಪ್ರಕಟಿಸಿದ್ದು 1931ರಲ್ಲಿ. ಭೌತಶಾಸ್ತ್ರದ ಗಣಿತದಲ್ಲಿದ್ದ ಆ ಬರಹವನ್ನು ರಸಾಯನಜ್ಞರು ಬಹುಕಾಲ ಗಮನಿಸಲಿಲ್ಲ. ಇಂದು ನಾವು ಉರುಹೊಡೆಯುವ ‘4ಎನ್+2’ ಎಂಬ ರೂಪವನ್ನು ಅದಕ್ಕೆ ಕೊಟ್ಟವನು ಅಮೆರಿಕದ ವಿಲಿಯಂ ಡೋರಿಂಗ್, 1951ರಲ್ಲಿ. ಹ್ಯೂಕೆಲ್‌ಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ದಕ್ಕಿದ್ದು ಅರವತ್ತು ದಾಟಿದ ಮೇಲೆ.

ನಿಯಮದ ಮೊದಲರ್ಧಕ್ಕೆ ಸಾಕ್ಷಿ ಹಳೆಯ ಸೀಸೆಯಲ್ಲೇ ಇತ್ತು. 1891ರಲ್ಲಿ ಮೆರ್ಲಿಂಗ್ ಹಳದಿ ಹರಳೊಂದನ್ನು ಪಡೆದಿದ್ದ. ಅದು ಏಳು ಇಂಗಾಲ, ಆರು ಪೈ ಎಲೆಕ್ಟ್ರಾನುಗಳ ಧನ ಅಯಾನಿನ ಲವಣವೆಂದು ಡೋರಿಂಗ್ ಮತ್ತು ನಾಕ್ಸ್ ತೋರಿಸಿದ್ದು 1954ರಲ್ಲಿ.

ಉಳಿದರ್ಧಕ್ಕೆ ಸಾಕ್ಷಿ ಸಿಗುವುದು ಕಷ್ಟವಿತ್ತು. ಐದು ಇಂಗಾಲದ ಉಂಗುರದಿಂದಾದ ಧನ ಅಯಾನನ್ನು ನೋಡಿ: ಅಲ್ಲಿರುವುದು ನಾಲ್ಕೇ ಪೈ ಎಲೆಕ್ಟ್ರಾನು. ಎಲ್ಲಕ್ಕಿಂತ ಕೆಳಗಿನ ಆಣ್ವಿಕ ಕಕ್ಷಕದಲ್ಲಿ ಎರಡು ಜೋಡಿಯಾಗಿ ಕೂರುತ್ತವೆ. ಮೇಲೆ ಒಂದೇ ಶಕ್ತಿಯ ಎರಡು ಕಕ್ಷಕಗಳಿವೆ. ಉಳಿದಿರುವುದೂ ಎರಡೇ ಎಲೆಕ್ಟ್ರಾನು. ಬೀಳಗಿಯ ಬಸ್ಸಿನಲ್ಲಿ ಇಬ್ಬರು ಕೂರುವಂಥ ಎರಡು ಸೀಟು ಖಾಲಿಯಿದ್ದರೆ, ಗುರುತಿಲ್ಲದ ಇಬ್ಬರು ಒಂದೊಂದರಲ್ಲಿ ಒಬ್ಬೊಬ್ಬರೇ ಕೂರುತ್ತಾರೆ. ಎಲೆಕ್ಟ್ರಾನುಗಳೂ ಹಾಗೆಯೇ ಬೇರೆ ಬೇರೆ ಕೂತು, ಸ್ಪಿನ್ನನ್ನು ಒಂದೇ ದಿಕ್ಕಿಗೆ ಇಟ್ಟುಕೊಂಡರೆ ಅದು ಟ್ರಿಪ್ಲೆಟ್ ಸ್ಥಿತಿ. ಆಗ ಅಣು ಪುಟ್ಟ ಅಯಸ್ಕಾಂತದಂತೆ ವರ್ತಿಸಬೇಕು.

ಆದರೆ ಈ ಅಯಾನು ಸೀಸೆಯಲ್ಲಿ ನಿಲ್ಲುವಂಥದ್ದಲ್ಲ. ನಾಲ್ಕು ಎಲೆಕ್ಟ್ರಾನಿನ ಇಂಥ ಉಂಗುರಗಳಿಗೆ ‘ಆಂಟಿಆರೊಮ್ಯಾಟಿಕ್’ ಎಂದು ಹೆಸರಿಟ್ಟ ರೊನಾಲ್ಡ್ ಬ್ರೆಸ್ಲೋ ಮತ್ತು ಸಂಗಡಿಗರು 1964ರಲ್ಲಿ ಮೊದಲು ಐದು ಕ್ಲೋರಿನ್ ಅಂಟಿದ ಅದರ ರೂಪವನ್ನು ಹಿಡಿದರು. 1973ರಲ್ಲಿ ಮಾರ್ಟಿನ್ ಸಾಂಡರ್ಸ್, ಬ್ರೆಸ್ಲೋ ಮೊದಲಾದವರು ಮೂಲ ಅಯಾನನ್ನೇ ಸುಮಾರು ಮೈನಸ್ 195 ಡಿಗ್ರಿ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸ್ಪಿನ್ ಅನುರಣನದಿಂದ ಪರೀಕ್ಷಿಸಿದರು. ಜೋಡಿಯಾಗದ ಎರಡು ಎಲೆಕ್ಟ್ರಾನುಗಳ ಗುರುತು ಸಿಕ್ಕಿತು. 1931ರಿಂದ ಅಲ್ಲಿಗೆ 42 ವರ್ಷ. 1980ರಲ್ಲಿ ತೀರಿಕೊಂಡ ಹ್ಯೂಕೆಲ್ ಆಗಿನ್ನೂ ಬದುಕಿದ್ದ.

ಹಾಗೆಂದು ಕಥೆ ಮುಗಿಯಲಿಲ್ಲ. ನಾಲ್ಕು ಇಂಗಾಲದ ಸೈಕ್ಲೋಬ್ಯೂಟಡೈಯೀನಿನಲ್ಲೂ ಪೈ ಎಲೆಕ್ಟ್ರಾನು ನಾಲ್ಕೇ. ಆದರೆ ಅದು ಚೌಕವಾಗಿರದೆ ಆಯತವಾಗಿ ವಾಲಿಕೊಂಡು, ಎಲೆಕ್ಟ್ರಾನುಗಳನ್ನು ಜೋಡಿ ಮಾಡಿಕೊಳ್ಳುತ್ತದೆ. ಯಾವ ಸ್ಪಿನ್ ಸ್ಥಿತಿ ಕೆಳಗೆ ಎಂಬುದನ್ನು ಹ್ಯೂಕೆಲ್‌ನ ಸರಳ ಲೆಕ್ಕ ಹೇಳಲಾರದು; ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಅದು ಬದಿಗಿಟ್ಟಿದೆ. ಆ ವಿಕರ್ಷಣೆಯನ್ನೂ ಸೇರಿಸಿ, ಒಟ್ಟು ಸ್ಪಿನ್ನಿಗೆ ತಕ್ಕಂತೆ ಸ್ಥಿತಿಗಳನ್ನು ಬಿಡಿಸಿ ಲೆಕ್ಕ ಹಾಕುವ ವಿಧಾನವನ್ನು 1980ರ ದಶಕದಲ್ಲಿ ರೂಪಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಒಬ್ಬರು.

ಎಲೆಕ್ಟ್ರಾನುಗಳನ್ನು ಎಣಿಸಿದರೆ ಉಂಗುರ ಗಟ್ಟಿಯೋ ಅಲ್ಲವೋ ತಿಳಿಯುತ್ತದೆ. ಗಟ್ಟಿಯಲ್ಲದ ಉಂಗುರ ತನ್ನ ಕಷ್ಟವನ್ನು ಹೇಗೆ ನೀಗಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ ಒಂದೊಂದನ್ನೂ ಬೇರೆಯಾಗಿಯೇ ಕೇಳಬೇಕು.