ಡಾ. ಪಿಗೂ ಮತ್ತು ಧಾರವಾಡ ಸೀಮೆಯ ದೇವಾಲಯಗಳ ಆರಂಭಿಕ ಛಾಯಾಚಿತ್ರಗಳು

ಪೀಠಿಕೆ

ಧಾರವಾಡ ಸೀಮೆಯ ಪ್ರಾಚೀನ ದೇವಾಲಯಗಳ ಛಾಯಾಚಿತ್ರಣವು 19ನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾಯಿತು. ಈ ಕಾರ್ಯದಲ್ಲಿ ಪ್ರಮುಖರಾದವರು ಮುಂಬಯಿ ವೈದ್ಯಕೀಯ ಸೇವೆಗೆ ಸೇರಿದ್ದ ಡಾ. ವಿಲಿಯಂ ಪಿಗೂ. ವೃತ್ತಿಯಿಂದ ವೈದ್ಯರಾಗಿದ್ದ ಇವರು ಮುಂಬಯಿ ಸರ್ಕಾರದ ನೇಮಕದಂತೆ ಈ ಭಾಗದಲ್ಲಿ ಸಂಚರಿಸಿ ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದೇವಾಲಯಗಳನ್ನು ಚಿತ್ರಿಸಿದರು. ಈ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟಗೊಂಡವು. ಆದರೆ ಆ ಗ್ರಂಥವನ್ನು ಕಾಣುವ ಅವಕಾಶ ಡಾ. ಪಿಗೂ ಅವರಿಗೆ ದೊರೆಯಲಿಲ್ಲ. ಗ್ರಂಥದ ಶೀರ್ಷಿಕೆ ಪುಟದಲ್ಲಿ ಅವರನ್ನು ದಿವಂಗತರೆಂದು ನಮೂದಿಸಲಾಗಿದೆ.

ಇಲಾಖಾ ದಾಖಲೆಯ ಉದ್ದೇಶದಿಂದ ತೆಗೆದ ಈ ಚಿತ್ರಗಳು ಇಂದು ಎರಡು ಕಾರಣಗಳಿಂದ ಮಹತ್ವ ಪಡೆದಿವೆ. ಮೊದಲನೆಯದಾಗಿ, ಇವು ಭಾರತದ ಆರಂಭಿಕ ಕಲಾತ್ಮಕ ಛಾಯಾಗ್ರಹಣದ ಉತ್ತಮ ಮಾದರಿಗಳಾಗಿವೆ. ಎರಡನೆಯದಾಗಿ, ನಂತರದ ದುರಸ್ತಿ ಹಾಗೂ ಬದಲಾವಣೆಗಳಿಗೆ ಮುನ್ನ ದೇವಾಲಯಗಳು ಯಾವ ಸ್ಥಿತಿಯಲ್ಲಿದ್ದವು ಎಂಬುದಕ್ಕೆ ಇವು ಸಾಕ್ಷಿಯಾಗಿವೆ.

ಐತಿಹಾಸಿಕ ಹಿನ್ನೆಲೆ

ಆ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೂ, ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೂ ಸೇರಿದ್ದವು. ಮೈಸೂರು ಸಂಸ್ಥಾನವು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳ ಬಹುಭಾಗ ಅಂದಿನ ಧಾರವಾಡ ಜಿಲ್ಲೆಯಲ್ಲಿಯೇ ಅಡಕವಾಗಿತ್ತು. 1997ರಲ್ಲಿ ಈ ಎರಡೂ ಪ್ರತ್ಯೇಕ ಜಿಲ್ಲೆಗಳಾದವು. ಆದುದರಿಂದ ಹಳೆಯ ಗ್ರಂಥಗಳಲ್ಲಿ "ಧಾರವಾಡ" ಎಂದು ಉಲ್ಲೇಖಿಸಿರುವ ಅನೇಕ ದೇವಾಲಯಗಳು ಈಗ ಗದಗ ಅಥವಾ ಹಾವೇರಿ ಜಿಲ್ಲೆಯಲ್ಲಿರುವುದನ್ನು ಓದುಗರು ಗಮನಿಸಬೇಕು.

ಛಾಯಾಗ್ರಹಣ ಬಳಕೆಗೆ ಬರುವ ಮುನ್ನ ಪ್ರಾಚೀನ ಸ್ಮಾರಕಗಳ ನಕ್ಷೆ ಮತ್ತು ಚಿತ್ರಗಳನ್ನು ಕೈಬರಹದ ಚಿತ್ರಗಾರರು ಸಿದ್ಧಪಡಿಸುತ್ತಿದ್ದರು. ಇದಕ್ಕೆ ಹೆಚ್ಚಿನ ಸಮಯವೂ ವೆಚ್ಚವೂ ತಗಲುತ್ತಿತ್ತು. ಬರೆದ ಚಿತ್ರ ಮೂಲ ಶಿಲ್ಪಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದನ್ನು ದೂರದಲ್ಲಿರುವವರು ಪರಿಶೀಲಿಸಲು ಸಾಧ್ಯವಿರಲಿಲ್ಲ. ಈ ಕಾರಣಗಳಿಂದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯು 1850ರ ದಶಕದ ಮಧ್ಯಭಾಗದಲ್ಲಿ ಸ್ಮಾರಕಗಳ ದಾಖಲಾತಿಗೆ ಛಾಯಾಗ್ರಹಣವನ್ನು ಪ್ರೋತ್ಸಾಹಿಸಿತು. ಇದೇ ಅವಧಿಯಲ್ಲಿ, 1854ರಲ್ಲಿ, ಮುಂಬಯಿ ಛಾಯಾಗ್ರಹಣ ಸಂಘವು ಸ್ಥಾಪನೆಗೊಂಡಿತ್ತು.

ಬಿಗ್ಸ್ ಅವರಿಂದ ಪಿಗೂ ಅವರಿಗೆ

1855ರಲ್ಲಿ ಮುಂಬಯಿ ಸರ್ಕಾರವು ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ವಾಸ್ತುಶಿಲ್ಪ ಛಾಯಾಚಿತ್ರಣಕ್ಕೆ ನಿಯೋಜಿಸಿತು. ಬಿಗ್ಸ್ ಅವರು ವಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಸ್ಥಳಗಳಲ್ಲಿ ಕಾರ್ಯನಿರ್ವಹಿಸಿದರು. ಅದೇ ವರ್ಷದ ಕೊನೆಯಲ್ಲಿ ಅವರನ್ನು ಸೈನ್ಯದ ಕರ್ತವ್ಯಕ್ಕೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ತೆರವಾದ ಸ್ಥಾನಕ್ಕೆ ಡಾ. ಪಿಗೂ ನೇಮಕಗೊಂಡರು. ಅವರು ಮುಂದಿನ ಅವಧಿಯಲ್ಲಿ ಧಾರವಾಡ ಜಿಲ್ಲೆ ಹಾಗೂ ಮೈಸೂರು ಸಂಸ್ಥಾನದ ಸ್ಥಳಗಳನ್ನು ಚಿತ್ರಿಸಿದರು.

ಈ ಕಾರ್ಯ ನಡೆದ ಕಾಲವೂ ಗಮನಾರ್ಹವಾಗಿದೆ. 1857ರಲ್ಲಿ ಉತ್ತರ ಭಾರತದಲ್ಲಿ ಸ್ವಾತಂತ್ರ್ಯ ಸಂಗ್ರಾಮ ಆರಂಭಗೊಂಡು, 1858ರಲ್ಲಿ ನರಗುಂದದ ಬಾಬಾಸಾಹೇಬ ಹಾಗೂ ಮುಂಡರಗಿಯ ಭೀಮರಾಯರ ನೇತೃತ್ವದಲ್ಲಿ ಇದೇ ಸೀಮೆಯಲ್ಲಿ ಬ್ರಿಟಿಷರ ವಿರುದ್ಧ ಬಂಡಾಯವೆದ್ದಿತು. ಡಂಬಳವೂ ಈ ಘಟನೆಗಳ ಪ್ರದೇಶದಲ್ಲಿಯೇ ಇದೆ. ಪಿಗೂ ಅವರ ಕ್ಯಾಮೆರಾ ಆ ದೇವಾಲಯದ ಮುಂದೆ ನಿಂತದ್ದು ಈ ಕೋಲಾಹಲದ ಮುನ್ನಾ ವರ್ಷಗಳಲ್ಲಿ.

ಚಿತ್ರಣದ ವಿಧಾನ

ಅಂದಿನ ಛಾಯಾಗ್ರಹಣವು ಇಂದಿನಂತೆ ಸುಲಭವಾಗಿರಲಿಲ್ಲ. ಮುಂಬಯಿಯ ಈ ಛಾಯಾಚಿತ್ರಕಾರರು ಬಳಸಿದ್ದು ಕಾಗದದ ನೆಗೆಟಿವ್. ಇಂಗ್ಲೆಂಡಿನ ಟಾಲ್ಬಟ್ ಅವರು 1841ರಲ್ಲಿ ಕಾಗದದ ನೆಗೆಟಿವ್ ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದರು. ಫ್ರಾನ್ಸಿನ ಲೆ ಗ್ರೇ ಅವರು 1851ರ ಸುಮಾರಿಗೆ ಕಾಗದಕ್ಕೆ ಮೊದಲೇ ಮೇಣ ಹಚ್ಚುವ ಸುಧಾರಿತ ಕ್ರಮವನ್ನು ರೂಪಿಸಿದರು. ಇದರ ಹಂತಗಳು ಸ್ಥೂಲವಾಗಿ ಕೆಳಕಂಡಂತಿದ್ದವು:

1. ಉತ್ತಮ ಗುಣಮಟ್ಟದ ತೆಳುವಾದ ಕಾಗದಕ್ಕೆ ಕರಗಿದ ಮೇಣವನ್ನು ಸಮನಾಗಿ ಹಚ್ಚುವುದು.
2. ಅಯೊಡೈಡ್ ಲವಣಗಳ ದ್ರಾವಣದಲ್ಲಿ ನೆನೆಸಿ ಒಣಗಿಸುವುದು.
3. ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ತೊಳೆದು, ಬೆಳಕಿಗೆ ಸ್ಪಂದಿಸುವಂತೆ ಮಾಡುವುದು.
4. ಕ್ಯಾಮೆರಾದಲ್ಲಿಟ್ಟು ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡುವುದು.
5. ಗ್ಯಾಲಿಕ್ ಆಮ್ಲದಲ್ಲಿ ಬಿಂಬವನ್ನು ಮೂಡಿಸಿ, ಸ್ಥಿರಗೊಳಿಸಿ, ಶುದ್ಧ ನೀರಿನಲ್ಲಿ ತೊಳೆಯುವುದು.

ಮೇಣದ ಕಾಗದವನ್ನು ಮೊದಲೇ ಸಿದ್ಧಪಡಿಸಿ ಕೆಲವು ದಿನಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. ಚಿತ್ರ ತೆಗೆದ ಮೇಲೆ ಬಿಡಾರದಲ್ಲಿ ಸಾವಕಾಶವಾಗಿ ಬಿಂಬ ಮೂಡಿಸಬಹುದಾಗಿತ್ತು. ಇದೇ ಕಾಲದಲ್ಲಿ ಬಂದಿದ್ದ ಗಾಜಿನ ಫಲಕದ ಕೊಲೋಡಿಯನ್ ವಿಧಾನವು ಹೆಚ್ಚು ಸ್ಪಷ್ಟವಾದ ಬಿಂಬ ನೀಡುತ್ತಿದ್ದರೂ, ಫಲಕ ಒಣಗುವುದರೊಳಗೆ ಎಲ್ಲ ಕೆಲಸವನ್ನು ಸ್ಥಳದಲ್ಲಿಯೇ ಮುಗಿಸಬೇಕಾಗಿತ್ತು. ಬಿಸಿಲಿನ ನಾಡಿನಲ್ಲಿ ಊರಿಂದೂರಿಗೆ ಸಾಗುವವರಿಗೆ ಒಡೆಯದ, ಹಗುರವಾದ ಕಾಗದವೇ ಅನುಕೂಲವಾಗಿತ್ತು. ಹುಬ್ಬಳ್ಳಿಗೆ ಆಗ ರೈಲುಮಾರ್ಗ ಬಂದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಚಿತ್ರಿತ ಸ್ಥಳಗಳು

ಧಾರವಾಡ ಸೀಮೆಯ ಸ್ಥಳಗಳಲ್ಲಿ ಗದಗ, ಲಕ್ಕುಂಡಿ ಮತ್ತು ಡಂಬಳ ಮುಖ್ಯವಾದವು.

ಗದಗ: ಇಲ್ಲಿನ ತ್ರಿಕೂಟೇಶ್ವರ ದೇವಾಲಯ ಸಮುಚ್ಚಯದಲ್ಲಿರುವ ಸರಸ್ವತಿ ಗುಡಿಯ ಕಂಬಗಳು ಸೂಕ್ಷ್ಮ ಕೆತ್ತನೆಗೆ ಪ್ರಸಿದ್ಧವಾಗಿವೆ.

ಲಕ್ಕುಂಡಿ: ಗದಗದಿಂದ ಸುಮಾರು 12 ಕಿ.ಮೀ. ದೂರದಲ್ಲಿದೆ. ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಹಾಗೂ ಎದುರುಬದುರು ಗರ್ಭಗೃಹಗಳುಳ್ಳ ಕಾಶಿವಿಶ್ವನಾಥ ದೇವಾಲಯ ಇಲ್ಲಿವೆ.

ಡಂಬಳ: ಇಲ್ಲಿನ ದೊಡ್ಡಬಸಪ್ಪ ದೇವಾಲಯವು 24 ಕೋನಗಳ ನಕ್ಷತ್ರಾಕಾರದ ತಳವಿನ್ಯಾಸವನ್ನು ಹೊಂದಿದೆ. ತಳದಿಂದ ಶಿಖರದವರೆಗೆ ಈ ಕೋನಗಳು ಮುಂದುವರಿಯುವುದು ಇದರ ವೈಶಿಷ್ಟ್ಯ.

ಮೈಸೂರು ಸಂಸ್ಥಾನದ ಭಾಗದಲ್ಲಿ ಹಳೇಬೀಡು, ಬೇಲೂರು, ಹರಿಹರ ಮೊದಲಾದ ಸ್ಥಳಗಳನ್ನು ಚಿತ್ರಿಸಲಾಯಿತು.

ಕಲಾಗುಣ

ಪಿಗೂ ಅವರಿಗೆ ವಹಿಸಿದ ಕೆಲಸ ದಾಖಲಾತಿಯಾಗಿತ್ತೇ ಹೊರತು ಕಲಾಸೃಷ್ಟಿಯಾಗಿರಲಿಲ್ಲ. ಆದರೂ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನ ಬೆಳಕು ತಕ್ಕುದು, ಕಟ್ಟಡದ ಯಾವ ಮುಖವನ್ನು ತೋರಿಸಬೇಕು ಎಂಬ ತೀರ್ಮಾನಗಳು ಕಣ್ಣಿನ ಸಂಸ್ಕಾರವನ್ನು ಬೇಡುತ್ತವೆ. ಒಂದು ಚಿತ್ರಕ್ಕೆ ಅಷ್ಟು ಶ್ರಮವಿದ್ದ ಕಾಲದಲ್ಲಿ ಮನಬಂದಂತೆ ಹತ್ತಾರು ಚಿತ್ರ ತೆಗೆದು ಒಂದನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ.

ಈ ಭಾಗದ ದೇವಾಲಯಗಳು ಹೆಚ್ಚಾಗಿ ಬಳಪದ ಕಲ್ಲಿನವು. ನುಣುಪಾದ ಈ ಕಲ್ಲು ಅತಿ ಸೂಕ್ಷ್ಮ ಕೆತ್ತನೆಗೆ ಒದಗುತ್ತದೆ. ಆದರೆ ಅದರ ಬಣ್ಣ ಹಸಿರು ಮಿಶ್ರಿತ ಕಪ್ಪು. ಅಂದಿನ ಕಾಗದವು ಮುಖ್ಯವಾಗಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬೇಗನೆ ಬೆಳ್ಳಗಾಗಿ, ಕಲ್ಲು ಕಪ್ಪಾಗಿಯೇ ಉಳಿಯುತ್ತಿತ್ತು. ಕೆತ್ತನೆಯನ್ನು ಕಾಣಿಸಲು ದೀರ್ಘಕಾಲ ಬೆಳಕಿಗೆ ಒಡ್ಡುವುದು ಹಾಗೂ ಪಕ್ಕದಿಂದ ಬೀಳುವ ಬಿಸಿಲನ್ನು ಕಾಯುವುದು ಅವಶ್ಯವಾಗಿತ್ತು. ಡಂಬಳದಂತಹ ದೇವಾಲಯದಲ್ಲಿ ಓರೆ ಬಿಸಿಲು ಬಿದ್ದಾಗ ಒಂದು ಕೋನ ಬೆಳಗಿ ಮರುಕೋನ ನೆರಳಾಗುವುದರಿಂದ ಅದರ ನಕ್ಷತ್ರ ರೂಪ ತಾನಾಗಿ ಸ್ಪಷ್ಟಗೊಳ್ಳುತ್ತದೆ.

ಕಾಗದದ ನಾರಿನ ಮೂಲಕ ಬಿಂಬ ಹಾಯುವುದರಿಂದ ಗೆರೆಗಳು ಮೃದುವಾಗಿ, ಬೆಳಕು ಮತ್ತು ನೆರಳು ವಿಶಾಲ ಪಟ್ಟಿಗಳಾಗಿ ಮೂಡುತ್ತವೆ. ಇದೇ ಈ ಚಿತ್ರಗಳಿಗೆ ಗಂಭೀರವಾದ ಸೊಗಸನ್ನು ನೀಡಿದೆ. ಚಲಿಸುವ ಜನರಾಗಲಿ ದನಕರುಗಳಾಗಲಿ ಇಂತಹ ಚಿತ್ರದಲ್ಲಿ ಮೂಡುವುದಿಲ್ಲ, ಮೂಡಿದರೂ ಮಸುಕಾಗಿರುತ್ತವೆ. ಆದ್ದರಿಂದ ನಿರ್ಜನವಾಗಿ ಕಾಣುವ ಚಿತ್ರವನ್ನು ನೋಡಿ ಆ ದೇವಾಲಯ ಜನಬಳಕೆಯಲ್ಲಿರಲಿಲ್ಲ ಎಂದು ಭಾವಿಸುವುದು ಸರಿಯಲ್ಲ.

1866ರ ಗ್ರಂಥ

ಪಶ್ಚಿಮ ಭಾರತದ ಪ್ರಾಚೀನ ವಾಸ್ತುಶಿಲ್ಪಕ್ಕೆ ಸಂಬಂಧಿಸಿದ ಸಮಿತಿಯೊಂದರ ಪರವಾಗಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನವು 1866ರಲ್ಲಿ "ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್" ಎಂಬ ಬೃಹತ್ ಗ್ರಂಥವನ್ನು ಹೊರತಂದಿತು. ಅಹಮದಾಬಾದ್ ಹಾಗೂ ವಿಜಾಪುರ ಕುರಿತ ಗ್ರಂಥಗಳೂ ಅದೇ ಮಾಲೆಯಲ್ಲಿ ಪ್ರಕಟವಾದವು. ಧಾರವಾಡ ಗ್ರಂಥದ ಐತಿಹಾಸಿಕ ಭಾಗವನ್ನು ಮೆಡೋಸ್ ಟೇಲರ್ ಅವರೂ, ವಾಸ್ತುಶಿಲ್ಪ ಟಿಪ್ಪಣಿಯನ್ನು ಜೇಮ್ಸ್ ಫರ್ಗುಸನ್ ಅವರೂ ಬರೆದರು. ಟೇಲರ್ ಅವರು ಸುರಪುರ ಸಂಸ್ಥಾನದ ಆಡಳಿತ ನಿರ್ವಹಿಸಿ ಈ ನಾಡನ್ನು ಬಲ್ಲವರಾಗಿದ್ದರು.

ಈ ಮಾಲೆಗೆ ಪ್ರೇಮ್‌ಚಂದ್ ರಾಯ್‌ಚಂದ್ ಮೊದಲಾದ ಮುಂಬಯಿಯ ವರ್ತಕರು ಧನಸಹಾಯ ನೀಡಿದರು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿಯ ರಫ್ತು ಕುಸಿದು, ಭಾರತದ ಹತ್ತಿಗೆ ಅಪಾರ ಬೇಡಿಕೆ ಉಂಟಾಗಿತ್ತು. ಮುಂಬಯಿಯ ವರ್ತಕರ ಸಂಪತ್ತು ಹೆಚ್ಚಿದ್ದು ಈ ವ್ಯಾಪಾರದಿಂದ. ಧಾರವಾಡ, ಹುಬ್ಬಳ್ಳಿ, ಗದಗ ಪ್ರದೇಶವು ಹತ್ತಿ ಬೆಳೆಗೆ ಹೆಸರಾದ ಎರೆಭೂಮಿಯ ಸೀಮೆ.

ಗ್ರಂಥದ ಚಿತ್ರಗಳು ಅಚ್ಚಿನ ಚಿತ್ರಗಳಲ್ಲ. ಮೊಟ್ಟೆಯ ಬಿಳಿಲೋಳೆ ಲೇಪಿಸಿದ ಕಾಗದದ ಮೇಲೆ ಮುದ್ರಿಸಿದ ನಿಜವಾದ ಛಾಯಾಚಿತ್ರಗಳನ್ನು ಪುಟಪುಟಕ್ಕೂ ಅಂಟಿಸಲಾಗಿದೆ. ಶೀರ್ಷಿಕೆ ಪುಟದಲ್ಲಿ ಛಾಯಾಚಿತ್ರಕಾರರಾಗಿ ಡಾ. ಪಿಗೂ, ಎ.ಸಿ.ಬಿ. ನೀಲ್ ಹಾಗೂ ಅಷ್ಟರಲ್ಲಿ ಕರ್ನಲ್ ಆಗಿದ್ದ ಬಿಗ್ಸ್ ಅವರ ಹೆಸರುಗಳಿವೆ. ಮೂವರ ಕೆಲಸವೂ ಒಂದೇ ಹೊತ್ತಗೆಯಲ್ಲಿ ಸೇರಿದ್ದರಿಂದ ಕೆಲವು ಚಿತ್ರಗಳು ಬಿಗ್ಸ್ ಅವರವೋ ಪಿಗೂ ಅವರವೋ ಎಂಬ ಪ್ರಶ್ನೆ ಮುಂದಿನ ಸಂಶೋಧಕರಿಗೆ ಎದುರಾಯಿತು. ಆ ವೇಳೆಗೆ ನಿಧನರಾಗಿದ್ದ ಪಿಗೂ ಅವರಿಗೆ ತಮ್ಮ ಚಿತ್ರಗಳನ್ನು ಗುರುತಿಸಿ ಹೇಳುವ ಅವಕಾಶವಿರಲಿಲ್ಲ.

ಹೀಗಿದ್ದರೂ ಗ್ರಂಥದ ಪ್ರಯೋಜನ ದೊಡ್ಡದು. ಆಡಳಿತದಲ್ಲಿ ಬೇರೆಬೇರೆಯಾಗಿದ್ದ ಧಾರವಾಡ, ಮೈಸೂರು ಮತ್ತು ವಿಜಯನಗರ ಪ್ರದೇಶಗಳ ದೇವಾಲಯಗಳು ಇದರಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ದೂರದ ವಿದ್ವಾಂಸರು ಗದಗದ ಕಂಬವನ್ನು ಹಳೇಬೀಡಿನ ಕಂಬದೊಡನೆ ಮೇಜಿನ ಮೇಲಿಟ್ಟು ಹೋಲಿಸುವುದು ಸಾಧ್ಯವಾಯಿತು. ಫರ್ಗುಸನ್ ಅವರು 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಈ ಶೈಲಿಗೆ "ಚಾಲುಕ್ಯ" ಎಂಬ ಹೆಸರಿನಡಿ ಪ್ರತ್ಯೇಕ ಸ್ಥಾನ ದೊರೆಯಿತು.

ನಂತರದ ಬೆಳವಣಿಗೆ

1861ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆ ಸ್ಥಾಪನೆಯಾಯಿತು. ಪಶ್ಚಿಮ ಭಾರತ ವಿಭಾಗದ ಜೇಮ್ಸ್ ಬರ್ಜೆಸ್ ಅವರು 1874ರಲ್ಲಿ ಬೆಳಗಾವಿ ಹಾಗೂ ಕಲಾದಗಿ ಜಿಲ್ಲೆಗಳಲ್ಲಿ ಸರ್ವೇಕ್ಷಣೆ ನಡೆಸಿದರು. ಅವರ ನಂತರ ಬಂದ ಹೆನ್ರಿ ಕಸಿನ್ಸ್ ಅವರು ಈ ಪ್ರದೇಶದ ದೇವಾಲಯಗಳನ್ನು ಅಳತೆ, ನಕ್ಷೆ ಮತ್ತು ಛಾಯಾಚಿತ್ರಗಳೊಂದಿಗೆ ದಾಖಲಿಸಿದರು. ಅವರ ಗ್ರಂಥ "ಚಾಲುಕ್ಯನ್ ಆರ್ಕಿಟೆಕ್ಚರ್ ಆಫ್ ದಿ ಕನರೀಸ್ ಡಿಸ್ಟ್ರಿಕ್ಟ್ಸ್" 1926ರಲ್ಲಿ ಪ್ರಕಟವಾಯಿತು. ಪಿಗೂ ಅವರ ಚಿತ್ರಗಳ ಪಕ್ಕದಲ್ಲಿ ಈ ಚಿತ್ರಗಳನ್ನಿಟ್ಟು ನೋಡಿದರೆ ನಡುವಿನ ದಶಕಗಳಲ್ಲಿ ಆದ ಬದಲಾವಣೆಗಳನ್ನು ಅರಿಯಬಹುದು.

ಇಂತಹ ಹೋಲಿಕೆಯ ಪ್ರಯೋಜನಕ್ಕೆ ಹಂಪೆಯು ಉತ್ತಮ ನಿದರ್ಶನ. ಸೈನ್ಯಾಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ ಮೇಣದ ಕಾಗದದ ವಿಧಾನದಿಂದಲೇ ಹಂಪೆಯನ್ನು ಚಿತ್ರಿಸಿದ್ದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದ್ದುದು ಆ ಚಿತ್ರದಲ್ಲಿ ಕಾಣುತ್ತದೆ. ಇಂದು ಆ ಶಿಖರವಿಲ್ಲ. ಆ ಚಿತ್ರವಿಲ್ಲದಿದ್ದರೆ ಈಗಿರುವ ರೂಪವೇ ಮೂಲರೂಪವೆಂದು ನೋಡುಗರು ತಿಳಿಯುತ್ತಿದ್ದರು. 1983ರಲ್ಲಿ ಆಸ್ಟ್ರೇಲಿಯದ ಛಾಯಾಚಿತ್ರಕಾರ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಹಂಪೆಯನ್ನು ಮತ್ತೆ ಚಿತ್ರಿಸಿದರು.

ಸಾರ್ವಜನಿಕರ ಗಮನಕ್ಕೆ

ಡಾ. ಪಿಗೂ ಅವರ ಕಾರ್ಯದಿಂದ ತಿಳಿಯುವ ಮುಖ್ಯ ಅಂಶವೆಂದರೆ, ಛಾಯಾಚಿತ್ರದ ಬೆಲೆ ಕಾಲ ಕಳೆದಂತೆ ಹೆಚ್ಚುತ್ತದೆ. ಆದರೆ ತೆಗೆದವರು, ತೆಗೆದ ಸ್ಥಳ ಮತ್ತು ತೆಗೆದ ವರ್ಷ ಇವುಗಳ ನಮೂದು ಇಲ್ಲದಿದ್ದಲ್ಲಿ ಆ ಬೆಲೆಯ ಬಹುಪಾಲು ನಷ್ಟವಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ, ಮಠಗಳಲ್ಲಿ ಮತ್ತು ಹಳೆಯ ಸ್ಟುಡಿಯೋಗಳಲ್ಲಿ ಜಾತ್ರೆ, ರಥೋತ್ಸವ, ದೇವಾಲಯ, ಕೆರೆ, ಪೇಟೆಗಳ ಹಿಂದಿನ ಚಿತ್ರಗಳು ಇರುವ ಸಂಭವವಿದೆ. ಅವುಗಳನ್ನು ಹೊಂದಿರುವವರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಚಿತ್ರದ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಸ್ಥಳ, ವರ್ಷ ಹಾಗೂ ತೆಗೆದವರ ಹೆಸರನ್ನು ಬರೆಯುವುದು. ಶಾಯಿ ಬಳಸಬಾರದು.
2. ಹಳೆಯ ಚಿತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬಾರದು, ಅಂಟುಪಟ್ಟಿ ಹಚ್ಚಬಾರದು.
3. ನೇರ ಬಿಸಿಲು ಹಾಗೂ ತೇವದಿಂದ ದೂರವಿಡುವುದು.
4. ಗಾಜಿನ ನೆಗೆಟಿವ್‌ಗಳನ್ನು ನೀರಿನಿಂದ ಒರೆಸದೆ, ಒಂದೊಂದನ್ನೂ ಪ್ರತ್ಯೇಕ ಕಾಗದದ ಲಕೋಟೆಯಲ್ಲಿಡುವುದು.
5. ಸ್ಕ್ಯಾನ್ ಮಾಡಿಸಿದ ನಂತರವೂ ಮೂಲಚಿತ್ರವನ್ನು ಬಿಸಾಡಬಾರದು.
6. ಮನೆಯ ಹಿರಿಯರಿಂದ ಚಿತ್ರದಲ್ಲಿರುವ ಸ್ಥಳ ಮತ್ತು ಸಂದರ್ಭದ ಮಾಹಿತಿಯನ್ನು ಈಗಲೇ ಕೇಳಿ ಬರೆದಿಡುವುದು.

ಲಕ್ಕುಂಡಿ, ಡಂಬಳ ಹಾಗೂ ಗದಗದ ದೇವಾಲಯಗಳನ್ನು ಹುಬ್ಬಳ್ಳಿ-ಧಾರವಾಡದಿಂದ ಹೊರಟು ಒಂದೇ ದಿನದಲ್ಲಿ ನೋಡಿ ಬರಬಹುದಾಗಿದೆ. ಅವಳಿ ನಗರದ ವ್ಯಾಪ್ತಿಯಲ್ಲಿಯೇ ಇರುವ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವೂ ಇದೇ ಚಾಲುಕ್ಯ ಪರಂಪರೆಗೆ ಸೇರಿದೆ. ಓರೆ ಬಿಸಿಲು ಬೀಳುವ ಬೆಳಗಿನ ಅಥವಾ ಸಂಜೆಯ ವೇಳೆ ಕೆತ್ತನೆಯ ವೀಕ್ಷಣೆಗೆ ಸೂಕ್ತವಾಗಿರುತ್ತದೆ.