ಭಾಷೆ ಕಲಿಸಲು ಯಾರು ಅರ್ಹರು?

‘ಇಂಗ್ಲಿಷ್ ಶಿಕ್ಷಕರು ಬೇಕಾಗಿದ್ದಾರೆ, ಇಂಗ್ಲಿಷ್ ಮಾತೃಭಾಷೆಯವರಿಗೆ ಮಾತ್ರ ಅವಕಾಶ.’ ಪೂರ್ವ ಏಷ್ಯಾ ಮತ್ತು ಕೊಲ್ಲಿ ರಾಷ್ಟ್ರಗಳ ಉದ್ಯೋಗ ಜಾಹೀರಾತುಗಳಲ್ಲಿ ಈ ಬಗೆಯ ಷರತ್ತನ್ನು ಕಂಡು ನಿರಾಶರಾದ ಯುವಕ ಯುವತಿಯರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರಿದ್ದಾರೆ, ಬಿ.ಎಡ್. ಮುಗಿಸಿ ವರ್ಷಗಟ್ಟಲೆ ಪಾಠ ಹೇಳಿದ ಅನುಭವಿಗಳಿದ್ದಾರೆ. ಆದರೆ ಇಂತಹ ಕಡೆ ಅವರ ಭಾಷಾಜ್ಞಾನವನ್ನಾಗಲಿ ಬೋಧನೆಯ ಕೌಶಲವನ್ನಾಗಲಿ ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಪಾಸ್‌ಪೋರ್ಟ್ ನೋಡಿಯೇ ಅರ್ಜಿಯನ್ನು ಬದಿಗಿಡಲಾಗುತ್ತದೆ.

ಒಂದು ಭಾಷೆಯನ್ನು ಕಲಿಸಬೇಕಾದರೆ ಅದನ್ನಾಡುವ ಮನೆಯಲ್ಲೇ ಹುಟ್ಟಿರಬೇಕೇ? ಮೇಲ್ನೋಟಕ್ಕೆ ಇದು ಶಿಕ್ಷಣಶಾಸ್ತ್ರದ ಪ್ರಶ್ನೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿ ನೋಡಿದರೆ ಈ ಪ್ರಶ್ನೆಗೆ ಉತ್ತರ ಕೊಡುತ್ತಾ ಬಂದಿರುವುದು ಹೆಚ್ಚಾಗಿ ಅಧಿಕಾರವೇ ಹೊರತು ಶಾಸ್ತ್ರವಲ್ಲ ಎಂಬುದು ಮನವರಿಕೆಯಾಗುತ್ತದೆ.

ಬಸ್ರಾದ ಅಜಮಿ ವಿದ್ವಾಂಸ

ಅರಬಿ ವ್ಯಾಕರಣ ಎಂದೊಡನೆ ಮೊದಲು ನೆನಪಾಗುವ ಹೆಸರು ಸೀಬವೈಹಿ. ಎಂಟನೆಯ ಶತಮಾನದ ಈ ವಿದ್ವಾಂಸರು ಅರಬರಲ್ಲ, ಪರ್ಶಿಯನ್ನರು. ಶೀರಾಝ್ ಸಮೀಪದ ಊರಿನಿಂದ ಬಸ್ರಾಕ್ಕೆ ಬಂದು, ಖಲೀಲ್ ಬಿನ್ ಅಹ್ಮದ್‌ರಂತಹ ಗುರುಗಳ ಬಳಿ ಕಲಿತರು. ‘ಅಲ್ ಕಿತಾಬ್’ ಎಂದೇ ಪ್ರಸಿದ್ಧವಾದ ಅವರ ಗ್ರಂಥ ಅರಬಿ ವ್ಯಾಕರಣದ ತಳಹದಿ. ಅರಬರ ಮಕ್ಕಳಿಗೆ ಅವರದೇ ಭಾಷೆಯ ನಿಯಮಗಳನ್ನು ಬರೆದುಕೊಟ್ಟದ್ದು ಒಬ್ಬ ಅಜಮಿ, ಅಂದರೆ ಅರಬೇತರ.

ಅವರ ಬದುಕಿನ ಒಂದು ಘಟನೆಯನ್ನು ಅರಬಿ ವಿದ್ವಾಂಸರು ತಲೆತಲಾಂತರದಿಂದ ಹೇಳುತ್ತಾ ಬಂದಿದ್ದಾರೆ. ಬಗ್ದಾದಿನಲ್ಲಿ ಬರ್ಮಕಿ ಮಂತ್ರಿಯ ಸಮ್ಮುಖದಲ್ಲಿ ಸೀಬವೈಹಿಗೂ ಕೂಫಾದ ವಿದ್ವಾಂಸ ಕಿಸಾಯಿಗೂ ವಾದ ನಡೆಯಿತು. ಚೇಳು ಮತ್ತು ಕಣಜದ ಕುಟುಕಿನ ಬಗೆಗಿನ ಒಂದು ವಾಕ್ಯದಲ್ಲಿ ಸರ್ವನಾಮದ ರೂಪ ಯಾವುದು ಎಂಬುದು ವಿಷಯ. ತೀರ್ಪು ಹೇಳಲು ಅರಬಿ ಮಾತೃಭಾಷೆಯ ಬದವೀ ಅರಬರನ್ನು ಕರೆಸಲಾಯಿತು. ಅವರು ಕಿಸಾಯಿಯ ಪರ ನುಡಿದರು. ಸೀಬವೈಹಿ ಮನನೊಂದು ತಾಯ್ನಾಡಿಗೆ ಮರಳಿ, ಸ್ವಲ್ಪ ಕಾಲದಲ್ಲೇ ತೀರಿಕೊಂಡರಂತೆ. ಆ ಸಾಕ್ಷಿಗಳಿಗೆ ಲಂಚ ಕೊಡಲಾಗಿತ್ತು ಎಂಬ ಮಾತೂ ಆ ಕಥೆಯಲ್ಲೇ ಇದೆ. ಕಥೆಯ ವಿವರಗಳು ಹೇಗೇ ಇರಲಿ, ನಂತರದ ವೈಯಾಕರಣರಲ್ಲಿ ಹೆಚ್ಚಿನವರು ಸೀಬವೈಹಿಯ ಪಕ್ಷವನ್ನೇ ಎತ್ತಿಹಿಡಿದರು. ಕೊನೆಗೆ ಉಳಿದದ್ದು ಕಲಿತವನ ಮಾತು.

ಇದು ಅಪವಾದವೂ ಅಲ್ಲ. ಖ್ವಾರಿಝ್ಮ್‌ನ ಝಮಖ್ಶರಿ ಅರಬಿ ವ್ಯಾಕರಣದ ದೊಡ್ಡ ಹೆಸರು. ಹದಿನೆಂಟನೆಯ ಶತಮಾನದಲ್ಲಿ ನಮ್ಮ ಉತ್ತರ ಭಾರತದ ಬಿಲ್‌ಗ್ರಾಮ್‌ನಲ್ಲಿ ಹುಟ್ಟಿದ ಮುರ್ತಝಾ ಝಬೀದಿ, ಯೆಮನಿನಲ್ಲಿ ಓದಿ ಕೈರೋದಲ್ಲಿ ನೆಲೆಸಿ, ‘ತಾಜುಲ್ ಅರೂಸ್’ ಎಂಬ ಬೃಹತ್ ಅರಬಿ ನಿಘಂಟನ್ನು ರಚಿಸಿದರು. ಅರಬನಿಗೆ ಅರಬೇತರನ ಮೇಲೆ ಹುಟ್ಟಿನಿಂದ ಯಾವ ಹಿರಿಮೆಯೂ ಇಲ್ಲವೆಂದು ಪ್ರವಾದಿ ಮುಹಮ್ಮದ್(ಸ)ರು ವಿದಾಯ ಹಜ್ಜ್‌ನ ಸಂದರ್ಭದಲ್ಲಿ ಸಾರಿದ್ದರು. ವಿದ್ಯೆಯ ಕ್ಷೇತ್ರದಲ್ಲಿ ಆ ಮಾತು ಎಷ್ಟರಮಟ್ಟಿಗೆ ನಿಜವಾಯಿತು ಎಂಬುದಕ್ಕೆ ಇವರೆಲ್ಲ ಸಾಕ್ಷಿ.

ಕಲ್ಕತ್ತೆಯ ಮುನ್ಶಿಗಳು

ಇನ್ನು ನಮ್ಮ ದೇಶದ ವಸಾಹತು ಕಾಲಕ್ಕೆ ಬರೋಣ. ಕಂಪೆನಿಯ ಇಂಗ್ಲಿಷ್ ಅಧಿಕಾರಿಗಳಿಗೆ ಭಾರತದ ಭಾಷೆಗಳನ್ನು ಕಲಿಸಲೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದ. ಅದರ ಶಾಸನಕ್ಕೆ ಮೇ 4ರ ದಿನಾಂಕವನ್ನೇ ಹಾಕಿಸಿದ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮರಾಗಿ ಅಂದಿಗೆ ಸರಿಯಾಗಿ ಒಂದು ವರ್ಷ. ಸುಲ್ತಾನರ ಗ್ರಂಥಭಂಡಾರದ ಒಂದು ಪಾಲೂ ಆ ಕಾಲೇಜನ್ನೇ ಸೇರಿತು.

ಅಲ್ಲಿ ಹಿಂದೂಸ್ತಾನಿ ಭಾಷೆಯ ಪ್ರಾಧ್ಯಾಪಕ ಜಾನ್ ಗಿಲ್‌ಕ್ರಿಸ್ಟ್, ವೃತ್ತಿಯಿಂದ ವೈದ್ಯನಾಗಿ ಬಂದಿದ್ದ ಸ್ಕಾಟ್ಲೆಂಡಿನವ. ಅವನ ಕೈಕೆಳಗೆ ಮುನ್ಶಿಯಾಗಿದ್ದವರು ದೆಹಲಿಯ ಮೀರ್ ಅಮ್ಮನ್. ಉರ್ದು ಗದ್ಯದ ಮೇರುಕೃತಿಗಳಲ್ಲೊಂದಾದ ‘ಬಾಗ್ ಒ ಬಹಾರ್’ ಅನ್ನು ಅವರು ಬರೆದದ್ದು ಆ ಕಾಲೇಜಿನ ಪಠ್ಯವಾಗಿ. ಆ ಭಾಷೆ ಮೀರ್ ಅಮ್ಮನ್‌ರ ಮನೆಮಾತು, ಗಿಲ್‌ಕ್ರಿಸ್ಟ್‌ಗೆ ಅದು ಕಲಿತ ಭಾಷೆ. ಆದರೆ ಪ್ರಾಧ್ಯಾಪಕ ಗಿಲ್‌ಕ್ರಿಸ್ಟ್, ಮುನ್ಶಿ ಮೀರ್ ಅಮ್ಮನ್.

ಗಿಲ್‌ಕ್ರಿಸ್ಟ್ ಆ ಭಾಷೆಗಾಗಿ ದುಡಿದದ್ದು ಸುಳ್ಳಲ್ಲ. ಅವನ ವ್ಯಾಕರಣ, ನಿಘಂಟುಗಳಿಗೆ ಬೆಲೆಯಿದೆ. ನಮ್ಮ ಪ್ರಶ್ನೆ ಬೇರೆ. ಅಂದು ‘ಹುಟ್ಟಿನಿಂದ ಭಾಷೆ ಬಲ್ಲವನೇ ಶ್ರೇಷ್ಠ ಗುರು’ ಎಂಬ ನಿಯಮ ಎಲ್ಲಿತ್ತು? ಭಾರತದ ಭಾಷೆಯನ್ನು ಕಲಿಸುವಾಗ ಮಾತೃಭಾಷೆಯವನು ಸಹಾಯಕನಾದ. ಇಂಗ್ಲಿಷಿನ ಸರದಿ ಬಂದಾಗ ಮಾತೃಭಾಷೆಯವನೇ ಆದರ್ಶ ಗುರುವಾದ. ಆಳುವವನು ಯಾವ ಕಡೆ ಇದ್ದನೋ ಅರ್ಹತೆಯ ತಕ್ಕಡಿಯೂ ಆ ಕಡೆಗೇ ವಾಲಿತು.

ಮಕೆರೆರೆಯ ನಂಬಿಕೆಗಳು

ಇಂಗ್ಲಿಷಿನ ಸರದಿ ಹೇಗೆ ಬಂತು? ಎರಡನೆಯ ಮಹಾಯುದ್ಧದ ನಂತರ ಏಷ್ಯಾ, ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗತೊಡಗಿದವು. ಬ್ರಿಟಿಷರು ಹೊರಟರೂ ಅವರ ಭಾಷೆ ಉಳಿಯಿತು. ಅದನ್ನು ಕಲಿಸುವ ಶಿಕ್ಷಕರಿಗಾಗಿ ಬೇಡಿಕೆ ಹೆಚ್ಚಿತು. 1961ರ ಜನವರಿಯಲ್ಲಿ, ಇನ್ನೂ ಬ್ರಿಟಿಷರ ಅಧೀನದಲ್ಲಿದ್ದ ಉಗಾಂಡದ ಮಕೆರೆರೆ ಕಾಲೇಜಿನಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನಾ ಸಮ್ಮೇಳನ ಜರುಗಿತು. ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಗ್ರಂಥದಲ್ಲಿ ಆ ಸಮ್ಮೇಳನದ ಚಿಂತನೆಯ ಹಿಂದಿದ್ದ ಐದು ನಂಬಿಕೆಗಳನ್ನು ಗುರುತಿಸಿ, ಐದನ್ನೂ ಮಿಥ್ಯೆಗಳೆಂದು ಕರೆದರು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬುದು ಅವುಗಳಲ್ಲೊಂದು. ಆದರ್ಶ ಶಿಕ್ಷಕ ಮಾತೃಭಾಷಿಕನೇ, ಇಂಗ್ಲಿಷಿನ ಜನರ ಮಾತಿನಲ್ಲಿ ‘ನೇಟಿವ್ ಸ್ಪೀಕರ್’, ಎಂಬುದು ಇನ್ನೊಂದು.

ಹಬಶಾದಲ್ಲಿ ಭಾರತದ ಶಿಕ್ಷಕರು

ವಿಚಿತ್ರವೆಂದರೆ ಈ ನಂಬಿಕೆಯನ್ನು ಸುಳ್ಳಾಗಿಸುವ ಪ್ರಯೋಗ ಅದೇ ವೇಳೆಗೆ ಅದೇ ಪೂರ್ವ ಆಫ್ರಿಕಾದಲ್ಲಿ ನಡೆಯುತ್ತಿತ್ತು. ಇಥಿಯೋಪಿಯಾ, ನಮ್ಮ ಓದುಗರಿಗೆ ಹಬಶಾ ಎಂಬ ಹೆಸರಿನಲ್ಲಿ ಪರಿಚಿತ. ಮಕ್ಕಾದಲ್ಲಿ ಹಿಂಸೆಗೊಳಗಾದ ಮೊದಲ ಮುಸ್ಲಿಮರಿಗೆ ಆಶ್ರಯವಿತ್ತ ನಜ್ಜಾಶಿ ದೊರೆಯ ನಾಡು. 1941ರಲ್ಲಿ ಇಟಲಿಯ ಆಕ್ರಮಣದಿಂದ ಬಿಡುಗಡೆ ಪಡೆದ ಬಳಿಕ ಚಕ್ರವರ್ತಿ ಹೈಲೆ ಸೆಲಾಸಿ ಶಾಲೆಗಳನ್ನು ಹೊಸದಾಗಿ ಕಟ್ಟಹೊರಟರು. ಪ್ರೌಢ ಶಿಕ್ಷಣದ ಮಾಧ್ಯಮ ಇಂಗ್ಲಿಷ್ ಆಯಿತು. ಕಲಿಸುವವರು ಸಾಲದೆ ಬಂದಾಗ ಭಾರತದಿಂದ ಶಿಕ್ಷಕರನ್ನು ಕರೆಸಿಕೊಳ್ಳಲಾಯಿತು. ಅವರಲ್ಲಿ ಕೇರಳದವರು ಬಹಳ ಮಂದಿ. ರಾಜಧಾನಿಯಲ್ಲಷ್ಟೇ ಅಲ್ಲ, ದೂರದ ಸಣ್ಣ ಊರುಗಳಲ್ಲೂ ಅವರು ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಿದರು.

ಅವರಾರಿಗೂ ಇಂಗ್ಲಿಷ್ ಮನೆಮಾತಲ್ಲ. ಅವರ ಉಚ್ಚಾರಣೆಯಲ್ಲಿ ಮಲಯಾಳದ ಸೊಗಡು ಇದ್ದಿರಲೇಬೇಕು. ಹಾಗೆಂದು ಆ ಮಕ್ಕಳ ಕಲಿಕೆಗೆ ಭಂಗ ಬರಲಿಲ್ಲ. 1974ರ ಕ್ರಾಂತಿಯ ನಂತರವೂ ಆ ನೆನಪು ಅಳಿಯಲಿಲ್ಲ. ಭಾರತದ ಮೇಷ್ಟ್ರ ಕೈಕೆಳಗೆ ಓದಿದ್ದನ್ನು ಒಂದು ತಲೆಮಾರಿನ ಇಥಿಯೋಪಿಯನ್ನರು ಪ್ರೀತಿಯಿಂದ ನೆನೆಯುತ್ತಾರೆ. 2000ದ ನಂತರ ಅಲ್ಲಿ ಹೊಸ ವಿಶ್ವವಿದ್ಯಾಲಯಗಳು ತಲೆಯೆತ್ತಿದಾಗ ಮತ್ತೆ ಭಾರತದ ಅಧ್ಯಾಪಕರಿಗೆ ಕರೆ ಹೋಯಿತು.

ಹಂಗೇರಿಯ ಪೀಟರ್ ಮೆಡ್ಯೆಶ್ 1994ರ ತಮ್ಮ ಕೃತಿಯಲ್ಲಿ ಇದರ ಗುಟ್ಟನ್ನು ವಿವರಿಸಿದ್ದಾರೆ. ಪರಭಾಷಿಕ ಶಿಕ್ಷಕ ಸ್ವತಃ ಆ ಭಾಷೆಯನ್ನು ಕಷ್ಟಪಟ್ಟು ಕಲಿತವನು. ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂಬುದು ಅವನಿಗೆ ಮೊದಲೇ ಗೊತ್ತು. ನಿಯಮವನ್ನು ಬಿಡಿಸಿ ಹೇಳಬಲ್ಲ; ‘ನನ್ನಿಂದ ಆದದ್ದು ನಿನ್ನಿಂದಲೂ ಆದೀತು’ ಎಂಬುದಕ್ಕೆ ತಾನೇ ಉದಾಹರಣೆಯಾಗಬಲ್ಲ. ನಿರರ್ಗಳ ಮಾತು, ನುಡಿಗಟ್ಟುಗಳ ಸಹಜ ಬಳಕೆಯಲ್ಲಿ ಮಾತೃಭಾಷಿಕನಿಗೆ ಮೇಲುಗೈ ಇದೆ ಎಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಇಬ್ಬರೂ ಬೇಕು, ಇಬ್ಬರಿಗೂ ತರಬೇತಿ ಬೇಕು.

ಪಾಸ್‌ಪೋರ್ಟೇ ಪದವಿ

ಇಷ್ಟಾದರೂ ನಿಯಮಗಳು ಬದಲಾಗಿರುವುದು ಅಲ್ಪ. ದಕ್ಷಿಣ ಕೊರಿಯಾ 1995ರಲ್ಲಿ ಸರಕಾರಿ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ತರುವ ಯೋಜನೆ ಆರಂಭಿಸಿತು. ಅಲ್ಲಿನ ಇ-2 ವೀಸಾಕ್ಕೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಝಿಲ್ಯಾಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳನ್ನು ಮಾತೃಭಾಷಿಕರೆಂದು ಪರಿಗಣಿಸಲಾಯಿತು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದ ಭಾರತೀಯರಿಗೂ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಬಾಗಿಲನ್ನು ತುಸು ತೆರೆಯಿತು. ಆದರೆ ಷರತ್ತಿನಲ್ಲಿರುವ ತಾರತಮ್ಯವನ್ನು ಗಮನಿಸಿ. ಆ ಏಳು ದೇಶದವರಿಗೆ ವೀಸಾ ಪಡೆಯಲು ಯಾವುದೇ ವಿಷಯದ ಪದವಿ ಸಾಕು. ಭಾರತೀಯರಿಗೆ ಪದವಿಯ ಜೊತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರವೂ ಬೇಕು. ಬೋಧನೆಯ ತರಬೇತಿಯೇ ಇಲ್ಲದ ವ್ಯಕ್ತಿ ಮಾತೃಭಾಷಿಕನೆಂಬ ಕಾರಣಕ್ಕೆ ಶಿಕ್ಷಕನಾಗುತ್ತಾನೆ. ತರಬೇತಿ ಪಡೆದವನು ಸಹಾಯಕನಾಗುತ್ತಾನೆ. ಕಲ್ಕತ್ತೆಯ ಮುನ್ಶಿಗಳು ಇಲ್ಲಿ ನೆನಪಾಗದೆ ಇರುವುದಿಲ್ಲ.

ಇದರ ವಿರುದ್ಧ ದನಿಯೂ ಎದ್ದಿದೆ. ಅಮೆರಿಕ ಮೂಲದ ಇಂಗ್ಲಿಷ್ ಶಿಕ್ಷಕರ ಸಂಸ್ಥೆ ಟೆಸೋಲ್‌ನಲ್ಲಿ 1998ರಲ್ಲಿ ಪರಭಾಷಿಕ ಶಿಕ್ಷಕರ ಬಳಗ ರೂಪುಗೊಂಡಿತು. ಅದರ ಹಿಂದಿದ್ದವರು ಶ್ರೀಲಂಕಾ ಮೂಲದ ಜಾರ್ಜ್ ಬ್ರೇನ್. 2006ರಲ್ಲಿ ಆ ಸಂಸ್ಥೆ, ಮಾತೃಭಾಷೆಯ ಆಧಾರದಲ್ಲಿ ಶಿಕ್ಷಕರ ನೇಮಕಾತಿಯಲ್ಲಿ ತಾರತಮ್ಯ ಸಲ್ಲದೆಂದು ಘೋಷಿಸಿತು.

ನಾವು ಮಾಡಬೇಕಾದುದು

ಅನ್ಯಾಯವನ್ನು ಎತ್ತಿ ಹೇಳಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು. ಹುಟ್ಟಲ್ಲ, ಕಲಿಕೆಯೇ ಅರ್ಹತೆ ಎಂದು ವಾದಿಸುವವರು ನಿಜವಾಗಿಯೂ ಕಲಿತಿರಬೇಕು. ಕೊಲ್ಲಿಯಲ್ಲಿ ಭಾರತೀಯ ಶಾಲೆಗಳ ಪರಂಪರೆ ದೊಡ್ಡದು: ಬಹರೈನ್‌ನಲ್ಲಿ 1950ರಿಂದ, ದುಬೈಯಲ್ಲಿ 1961ರಿಂದ, ಮಸ್ಕತ್‌ನಲ್ಲಿ 1975ರಿಂದ. ಇಂತಹ ಶಾಲೆಗಳಲ್ಲಿ ನಮ್ಮವರಿಗೆ ಅವಕಾಶ ಇದ್ದೇ ಇದೆ. ಅಲ್ಲಿ ಬಿ.ಎಡ್. ಇಲ್ಲದೆ ನೆಲೆಯೂರುವುದು ಕಷ್ಟ. ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ದೃಢೀಕರಣ, ಕೆಲವು ದೇಶಗಳಿಗಾದರೆ ಸಂಬಂಧಪಟ್ಟ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಏಜೆಂಟರಿಗೆ ಹಣ ತೆರುವ ಮುನ್ನ ಇದನ್ನು ಸ್ವತಃ ವಿಚಾರಿಸಿ ತಿಳಿಯುವುದು ಲೇಸು. ಭಾಷಾ ತರಬೇತಿ ಕೇಂದ್ರಗಳನ್ನು ಬಯಸುವವರಿಗೆ ಕೇಂಬ್ರಿಜ್‌ನ ‘ಸೆಲ್ಟಾ’ ಇದೆ. ಸುಮಾರು 120 ಗಂಟೆಗಳ ಈ ತರಬೇತಿಯಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ಉತ್ತಮ ಇಂಗ್ಲಿಷ್ ಬಲ್ಲ ಪರಭಾಷಿಕರಿಗೂ ಅದು ಮುಕ್ತ.

ನಮ್ಮಲ್ಲೇ ಸಂಸ್ಥೆಗಳಿಗೆ ಕೊರತೆಯಿಲ್ಲ. ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆ 1958ರಲ್ಲಿ ಹುಟ್ಟಿ, 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರದು. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳಲ್ಲಿ ಭಾರತ ಸರಕಾರವೇ ಇಂಗ್ಲಿಷ್ ತರಬೇತಿ ಕೇಂದ್ರಗಳನ್ನು ತೆರೆದಿತ್ತು. ಪರಭಾಷಿಕರು ಪರದೇಶದಲ್ಲಿ ಇಂಗ್ಲಿಷ್ ಕಲಿಸಬಲ್ಲರೆಂಬುದಕ್ಕೆ ಇನ್ನೇನು ಪುರಾವೆ ಬೇಕು?

ಕನ್ನಡಿಗರಾದ ನಮಗಂತೂ ಈ ಸತ್ಯ ಹೊಸತಲ್ಲ. 1894ರಲ್ಲಿ ಪ್ರಕಟವಾದ ನಮ್ಮ ಮಹಾ ನಿಘಂಟನ್ನು ರಚಿಸಿದವರು ಜರ್ಮನಿಯ ಕಿಟೆಲ್. ಬ್ಯಾರಿ, ನವಾಯತಿ, ದಖನಿ ಮನೆಮಾತಿನವರು ಕನ್ನಡ ಶಾಲೆಗಳಲ್ಲಿ ಕನ್ನಡ ಕಲಿಸುತ್ತಿದ್ದಾರೆ, ಕನ್ನಡದಲ್ಲಿ ಬರೆಯುತ್ತಿದ್ದಾರೆ. 2025ರಲ್ಲಿ ಕನ್ನಡಕ್ಕೆ ಅಂತಾರಾಷ್ಟ್ರೀಯ ಬೂಕರ್ ತಂದ ಬಾನು ಮುಷ್ತಾಕ್ ಅವರೂ ಉರ್ದು ಮನೆಯಿಂದ ಬಂದವರು. ‘ನಿಮ್ಮದು ಕನ್ನಡವೇ?’ ಎಂದು ಅವರನ್ನು ಕೇಳುವುದು ಎಷ್ಟು ಅಸಂಗತವೋ, ನಮ್ಮ ಶಿಕ್ಷಕಿಯನ್ನು ‘ನಿಮ್ಮದು ಇಂಗ್ಲಿಷೇ?’ ಎಂದು ಕೇಳುವುದೂ ಅಷ್ಟೇ ಅಸಂಗತ. ಕೇಳಬೇಕಾದ ಪ್ರಶ್ನೆಗಳು ಎರಡೇ: ಎಷ್ಟು ಕಲಿತಿದ್ದೀರಿ? ಹೇಗೆ ಕಲಿಸುತ್ತೀರಿ? ಆ ಎರಡಕ್ಕೂ ತಲೆಯೆತ್ತಿ ಉತ್ತರಿಸಬಲ್ಲ ಒಂದು ಪೀಳಿಗೆಯನ್ನು ಸಜ್ಜುಗೊಳಿಸುವ ಹೊಣೆ ನಮ್ಮ ಮನೆ, ಮದ್ರಸ, ಶಾಲೆ, ಕಾಲೇಜುಗಳದ್ದು.