ಶತ್ರುವಿನ ಹಾಡು

ಭಾಷೆ ತಿಳಿಯದ ಹಾಡನ್ನು ರೇಡಿಯೋದಲ್ಲಿ ಕೇಳಿ ನೀವೂ ತಲೆದೂಗಿರಬಹುದು. ಅದನ್ನು ಹಾಡುವ ಜನರ ಮೇಲೆಯೇ ನಿಮ್ಮ ದೊರೆ ಯುದ್ಧ ಹೂಡಿದ್ದರೆ?

1852ರಲ್ಲಿ ಕಾಕಸಸ್‌ನ ತೆರೆಕ್ ನದಿಯ ಬಳಿ ಲಿಯೋ ಟಾಲ್‌ಸ್ಟಾಯ್ ಇದ್ದದ್ದು ಇಂಥ ಇಕ್ಕಟ್ಟಿನಲ್ಲಿ. ಆಗ ಅವನಿಗೆ 23 ವರ್ಷ. ಚೆಚೆನ್ ಹಳ್ಳಿಗಳ ಮೇಲೆ ಏರಿಹೋಗುತ್ತಿದ್ದ ರಷ್ಯನ್ ಸೈನ್ಯದ ಫಿರಂಗಿ ದಳ ಸೇರಿದ್ದ. ಜೊತೆಗೆ ಜೂಜಿನ ಚಟ ಬೇರೆ! ಒಬ್ಬ ಅಧಿಕಾರಿಗೆ 500 ರೂಬಲ್ ಸೋತು ಪತ್ರ ಬರೆದುಕೊಟ್ಟಿದ್ದ. ವಾಯಿದೆ ಹತ್ತಿರವಾದಾಗ ದೇವರಿಗೆ ಮೊರೆಯಿಟ್ಟ. ಅದೇ ಅಧಿಕಾರಿಯೊಡನೆ ಆಡಿ, ಗೆದ್ದು, ಆ ಸಾಲಪತ್ರವನ್ನು ಬಿಡಿಸಿ ತಂದವನು ಸಾದೋ ಎಂಬ ಚೆಚೆನ್ ತರುಣ. ಅವರಿಬ್ಬರೂ ‘ಕುನಕ್’ ಆಗಿದ್ದರು. ಕುನಕ್ ಎಂದರೆ ಬರಿಯ ಗೆಳೆಯನಲ್ಲ; ಬೇಕಾದರೆ ಪ್ರಾಣವನ್ನೇ ಒತ್ತೆಯಿಡುವ ನಂಟ.

ಆ ಫೆಬ್ರವರಿಯಲ್ಲಿಯೇ ಸಾದೋ ಮತ್ತು ಬಾಲ್ತಾ ಎಂಬ ಇನ್ನೊಬ್ಬ ಗೆಳೆಯನಿಂದ ಕೇಳಿ, ಎರಡು ಚೆಚೆನ್ ಹಾಡುಗಳನ್ನು ಟಾಲ್‌ಸ್ಟಾಯ್ ರಷ್ಯನ್ ಅಕ್ಷರಗಳಲ್ಲಿ ಬರೆದುಕೊಂಡ. ಹಾಡಿನಿಂದ ಯುದ್ಧವೇನೂ ನಿಲ್ಲಲಿಲ್ಲ. ಅವನೂ ದಾಳಿಗಳಿಗೆ ಹೋದ. ಆದರೆ ಕಿವಿಗೆ ಬಿದ್ದದ್ದು ಮನಸ್ಸಿನಿಂದ ಹೋಗಲಿಲ್ಲ. 1875ರಲ್ಲಿ ಆ ಬೆಟ್ಟದ ಜನರ ಹಾಡುಗಳನ್ನು ಕವಿ ಫೆಟ್‌ಗೆ ಕಳುಹಿಸಿದ. ಮುಪ್ಪಿನಲ್ಲಿ ಬರೆದ ‘ಹಾಜಿ ಮುರಾದ್’ ಕಾದಂಬರಿಯಲ್ಲಿ, ರಷ್ಯನ್ ಸೈನಿಕರು ಹಾಳುಗೆಡವಿದ ಹಳ್ಳಿಯ ಗೋಳನ್ನು ಹಳ್ಳಿಗರ ಪಕ್ಕದಲ್ಲೇ ನಿಂತು ಹೇಳಿದ. ನನಗಂತೂ ಆ ಪುಟಗಳನ್ನು ಒಂದೇ ಉಸಿರಿಗೆ ಓದಲಾಗಲಿಲ್ಲ.

ಟಾಲ್‌ಸ್ಟಾಯ್ ತಂಗಿದ್ದ ಸ್ತಾರೊಗ್ಲಾದೊವ್‌ಸ್ಕಾಯಾ (ನಾಲಗೆ ತೊಡರುವ ಹೆಸರು!) ಇಂದು ಚೆಚೆನ್ಯದಲ್ಲಿದೆ. ಅಲ್ಲಿ 1980ರಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. 1994ರಿಂದ ರಷ್ಯಕ್ಕೂ ಚೆಚೆನ್ಯಕ್ಕೂ ಎರಡು ಯುದ್ಧಗಳು ನಡೆದು ಗ್ರೋಜ್ನಿ ನಗರವೇ ನೆಲಸಮವಾಯಿತು. ಆ ರಷ್ಯನ್ ಫಿರಂಗಿಯವನ ಸಂಗ್ರಹಾಲಯ ಉಳಿದುಕೊಂಡಿತು.